ಅಂಬಾಸಿಡರ್‌ಗೆ ಬಿದ್ರಿ ಒಳಾಂಗಣ: ಅಳತೆ ಮೊದಲು, ಕಪ್ಪು ಕೊನೆಗೆ

ಹಳೆಯ ಅಂಬಾಸಿಡರ್ ಬಿಚ್ಚಿ, ಮತ್ತೊಬ್ಬರ ಹತ್ತಿರ ಇಲ್ಲದಂಥ ಗಾಡಿ ಮಾಡಿಸಬೇಕೆನ್ನುವವರು ಬೀದರ್, ಕಲಬುರಗಿ ಕಡೆಯವರಾದರೆ ದೂರ ಹೋಗಬೇಕಿಲ್ಲ. ಬೇರೆ ಊರಿನ ಐಷಾರಾಮಿ ಕಾರುಗಳಲ್ಲಿ ಹಣ ಕೊಟ್ಟರೂ ಸುಲಭಕ್ಕೆ ಸಿಗದ ಕೈಕೆಲಸ ಬೀದರಿನ ಗಲ್ಲಿಗಳಲ್ಲೇ ಇದೆ: ಕಪ್ಪಾಗಿಸಿದ ಸತುವಿನಲ್ಲಿ ಬೆಳ್ಳಿ ಕೂರಿಸುವ ಬಿದ್ರಿ. ಆದರೆ ಬಿದ್ರಿ ಹಾಕಿದ ಕಾರುಗಳಲ್ಲಿ ಕೆಟ್ಟಿರುವುದು ಹೆಚ್ಚಾಗಿ ಕುಸುರಿಯಲ್ಲ, ಕೆಲಸದ ಸರತಿ. ಅಂಗಡಿಯಲ್ಲಿ ಚೆಂದ ಕಂಡ ತಟ್ಟೆಯನ್ನೋ ಡಬ್ಬಿಯ ಮುಚ್ಚಳವನ್ನೋ ತಂದು, ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ಜಾಗ ಹುಡುಕುತ್ತಾರೆ. ಕೂರದಿದ್ದರೆ ಅಂಚು ಅರೆಯುತ್ತಾರೆ, ತೂತು ಹೊಡೆಯುತ್ತಾರೆ. ಅರೆದ ಕಡೆ ಬೂದು ಸತು ಬಯಲಾಗುತ್ತದೆ, ತಾನಾಗಿ ಮತ್ತೆ ಕಪ್ಪಾಗುವುದಿಲ್ಲ. ಅದರ ಮೇಲೆ ಕಪ್ಪು ಪೇಂಟ್ ಬಳಿದರೆ ಮುಗಿಯಿತು, ನೂರು ರೂಪಾಯಿಯ ಸ್ಟಿಕ್ಕರಿಗೂ ಅದಕ್ಕೂ ವ್ಯತ್ಯಾಸ ಉಳಿಯದು.

ಹಾಗಾಗಿ ಬಿದ್ರಿಯ ಅಳತೆ ಎಲ್ಲಕ್ಕಿಂತ ಮೊದಲು ಆಗಬೇಕು, ಅದನ್ನು ಗಾಡಿಗೆ ಕೂರಿಸುವುದು ಎಲ್ಲಕ್ಕಿಂತ ಕೊನೆಗೆ. ಉಳಿದ ಕೆಲಸವೆಲ್ಲ ಇವೆರಡರ ನಡುವೆ.

ಯಾವ ಗಾಡಿ ಹಿಡಿಯಬೇಕು

ಅಂಬಾಸಿಡರನ್ನೇ ಹೇಳುವುದಕ್ಕೆ ಕಾರಣವಿದೆ. ಮೋರಿಸ್ ಆಕ್ಸ್‌ಫರ್ಡ್ ಸರಣಿ 3ರ ಮಾದರಿಯಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ಉತ್ತರಪಾಡಾದಲ್ಲಿ ಕಟ್ಟಿದ ಈ ಗಾಡಿ 2014ರವರೆಗೂ ತಯಾರಾಯಿತು. ಆಕಾರ ಹೆಚ್ಚು ಬದಲಾಗಲಿಲ್ಲ, ಬಿಡಿಭಾಗ ಈಗಲೂ ಸಿಗುತ್ತವೆ, ಹಿಂದಿನ ಸೀಟಿನಲ್ಲಿ ರುಮಾಲು ಸುತ್ತಿದ ತಲೆಗೂ ಮೇಲೆ ಜಾಗ ಉಳಿಯುತ್ತದೆ. ಹೊಸ ಕಾಲದ ಕಾರಿನಲ್ಲಿ ಡ್ಯಾಶ್‌ಬೋರ್ಡ್ ತುಂಬ ಏರ್‌ಬ್ಯಾಗ್, ಸೆನ್ಸರ್, ಸ್ಕ್ರೀನ್ ಇರುವುದರಿಂದ ಕೈಹಾಕಲು ಅರ್ಧ ಗೇಣು ಜಾಗವೂ ಇರುವುದಿಲ್ಲ.

ಎಸಿ ಹಾಕಿಸಿ ದಿನಾ ಓಡಿಸುವವರು 1817 ಸಿಸಿ ಇಸುಜು ಪೆಟ್ರೋಲ್ ಎಂಜಿನ್, ಐದು ಗೇರಿನ ಗಾಡಿ ನೋಡಿ. ಹಳೆಯ 1489 ಸಿಸಿ ಎಂಜಿನ್ನಿಗೆ ಕಂಪ್ರೆಸರ್ ಕಟ್ಟಿದರೆ ಸಿಗ್ನಲ್ಲಿನಲ್ಲಿ ನಿಂತಾಗ ಉಸಿರು ಸಿಕ್ಕಿಕೊಂಡಂತೆ ನಡುಗುತ್ತದೆ.

ಕೊಳ್ಳುವ ಮೊದಲು ಫ್ರಿಜ್ಜಿಗೆ ಅಂಟಿಸುವ ತೆಳು ಅಯಸ್ಕಾಂತವನ್ನು ಮೆದು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಎಳೆದು ನೋಡಿ. ಹಿಡಿತ ಸಡಿಲವಾದ ಕಡೆ ಪುಟ್ಟಿ ದಪ್ಪಗಿದೆ. ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆ, ಹಿಂದಿನ ಪಾಟಾ (ಲೀಫ್ ಸ್ಪ್ರಿಂಗ್) ನೇತಾಡುವ ಜಾಗ, ಡಿಕ್ಕಿಯ ತಳ, ಮುಂದಿನ ಚಕ್ರದ ಹಿಂದೆ ಮಣ್ಣು ಕಟ್ಟುವ ಮೂಲೆ, ಈ ನಾಲ್ಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕು. ಪುಡಿಪುಡಿ ಉದುರಿದರೆ ಕೆಳಗಿನ ಕಬ್ಬಿಣ ಕತ್ತರಿಸಿ ಹೊಸ ಶೀಟು ಬೆಸೆಯಲೇಬೇಕು. ಮೇಲೆ ಎಂಥ ಬೆಳ್ಳಿ ಹಾಕಿದರೂ ಕೆಳಗೆ ತುಕ್ಕು ತಿಂದ ಗಾಡಿ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಒಳಗಿನ ಮರದ ಜೋಡಣೆ ಆರು ತಿಂಗಳಲ್ಲಿ ಕಿರುಗುಟ್ಟುತ್ತದೆ.

ಕಾಗದ

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿ ಬರೆದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಒಳಗಿನ ಮರ, ಚರ್ಮ, ಬಿದ್ರಿ ಆರ್‌ಸಿಯಲ್ಲಿ ಇರುವುದಿಲ್ಲ, ಅದಕ್ಕೆ ತೊಂದರೆಯಿಲ್ಲ. ಬಣ್ಣ, ಎಂಜಿನ್, ಇಂಧನ, ಸೀಟಿನ ಸಂಖ್ಯೆ ಇರುತ್ತವೆ. ಹಿಂದಿನ ಉದ್ದ ಸೀಟು ತೆಗೆದು ಎರಡು ಬಿಡಿ ಸೀಟು ಹಾಕಿಸುವ ಆಸೆ ಎಲ್ಲರಿಗೂ ಬರುತ್ತದೆ, ಆಗ ಆಸನ ಸಂಖ್ಯೆ ಬದಲಾಗುತ್ತದೆ ಎಂಬುದು ಮರೆತುಹೋಗುತ್ತದೆ. ಇಂಥ ಬದಲಾವಣೆಗೆ ಕೆಲಸ ಶುರುಮಾಡುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಅನುಮತಿ ಸಿಕ್ಕ ಮೇಲೆ ಗ್ಯಾರೇಜಿಗೆ ಹೋಗಿ.

ಹೈದರಾಬಾದಿನಿಂದಲೋ ಸೋಲಾಪುರದಿಂದಲೋ ತಂದ ಗಾಡಿಗೆ ಅಲ್ಲಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. 12 ತಿಂಗಳು ಮೀರಿ ಇಲ್ಲೇ ಇಟ್ಟರೆ ಕೆಎ-38, ಕೆಎ-32 ಅಥವಾ ಕೆಎ-33 ಎಂದು ನಿಮ್ಮ ಜಿಲ್ಲೆಯ ನಂಬರು ಮಾಡಿಸಿಕೊಳ್ಳಬೇಕು, ತೆರಿಗೆ ಕಟ್ಟಬೇಕು. ಬಿಚ್ಚಿಹಾಕಿದ ಗಾಡಿಯನ್ನು ತಪಾಸಣೆಗೆ ಒಯ್ಯಲಾಗದು, ಆದ್ದರಿಂದ ಇದನ್ನೂ ಮೊದಲೇ ಮುಗಿಸಿ.

ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ಸಿಕ್ಕಿದ್ದರೆ ಸ್ವಲ್ಪ ತಡೆಯಿರಿ. 2021ರ ನಿಯಮದಂತೆ ಮೂಲ ರೂಪದಲ್ಲಿರುವ ಅಂಥ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಶುಲ್ಕ 20,000 ರೂಪಾಯಿ. ಬಾಡಿ, ಎಂಜಿನ್ ಬದಲಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತೆಯೂ ಇಲ್ಲ. ಎಪ್ಪತ್ತರ ದಶಕಕ್ಕಿಂತ ಮುಂಚಿನ ಚೊಕ್ಕ ಗಾಡಿಯನ್ನು ಕತ್ತರಿಸದೆ ಹಾಗೇ ಉಳಿಸಿ, ಈ ಪ್ರಯೋಗಕ್ಕೆ ಎಂಬತ್ತು, ತೊಂಬತ್ತರ ದಶಕದ ಗಾಡಿ ಹಿಡಿಯುವುದು ಲೇಸು.

ಬಿದ್ರಿ ಎಲ್ಲಿ ಕೂರಬೇಕು, ಎಲ್ಲಿ ಕೂಡದು

ಗೇರ್ ಗುಂಡಿ, ಸ್ಟೇರಿಂಗ್, ಬಾಗಿಲ ಹಿಡಿಕೆ: ಎಲ್ಲರೂ ಮೊದಲು ಕೇಳುವುದು ಇವನ್ನೇ, ಕೂಡದ್ದೂ ಇವೇ. ಬಿದ್ರಿಯ ಕಪ್ಪು ಲೋಹದ ಮೇಲ್ಮೈಯಲ್ಲಿ ಹುಟ್ಟಿದ ತೀರಾ ತೆಳು ಪದರ. ದಿನಾ ಅಂಗೈ ತಿಕ್ಕಿದರೆ ಸವೆಯುತ್ತದೆ, ಬೆವರಿನ ಉಪ್ಪು ಅದನ್ನು ಚುಕ್ಕೆಚುಕ್ಕೆಯಾಗಿ ಕೆಡಿಸುತ್ತದೆ. ಸಾಲದ್ದಕ್ಕೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಎರಡು ತಾಸು ನಿಂತ ಕಾರಿನೊಳಗೆ ಲೋಹದ ಗುಂಡಿ ಮುಟ್ಟಿದರೆ ಬೊಬ್ಬೆ ಬರುತ್ತದೆ. ಹಿಡಿಯುವ ಜಾಗಕ್ಕೆ ಮರ ಅಥವಾ ಚರ್ಮ, ನೋಡುವ ಜಾಗಕ್ಕೆ ಬಿದ್ರಿ.

ಡ್ಯಾಶ್‌ಬೋರ್ಡಿನ ಮೇಲ್ಮುಖವೂ ಬೇಡ. ಬೆಳ್ಳಿಯ ಬಳ್ಳಿ ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ, ಸಂಜೆ ಪಡುವಣಕ್ಕೆ ಓಡಿಸುವಾಗ ರಸ್ತೆಯ ಮೇಲೆಯೇ ಹರಡಿದಂತೆ ಕಾಣುತ್ತದೆ. ನೆಟ್ಟಗೆ ನಿಂತ ಮುಖಗಳನ್ನು ಆರಿಸಿ: ಡ್ಯಾಶ್‌ಬೋರ್ಡಿನ ಎದುರು ಪಟ್ಟಿ, ಗ್ಲೋವ್ ಬಾಕ್ಸ್ ಮುಚ್ಚಳದ ನಡು, ನಾಲ್ಕು ಬಾಗಿಲ ಒಳಮೈಯಲ್ಲಿ ಹಿಡಿಕೆಯ ಹಿಂದಿನ ಮರ.

ಅಪಘಾತದಲ್ಲಿ ತಲೆ ಬಡಿಯಬಹುದಾದ ಕಡೆ ಲೋಹದ ಅಂಚು ಎದ್ದಿರಬಾರದು. ವಾಹನದ ಒಳಾಂಗಣಕ್ಕೆ ಅನ್ವಯಿಸುವ ವಿಶ್ವಸಂಸ್ಥೆಯ ನಿಯಮ 21ರಲ್ಲಿ ಅಂಥ ಅಂಚಿಗೆ ಕನಿಷ್ಠ 2.5 ಮಿಮೀ ತ್ರಿಜ್ಯದ ದುಂಡು ಕೇಳುತ್ತಾರೆ. ಮೂರು ಮಿಮೀ ದಪ್ಪದ ಬಿದ್ರಿ ತುಂಡಿಗೆ ಅಷ್ಟು ದುಂಡು ಕೊಟ್ಟರೆ ಅಂಚಿನ ಕುಸುರಿಯೇ ಹೋಗುತ್ತದೆ. ಉಪಾಯವೆಂದರೆ ತುಂಡನ್ನು ಮರದೊಳಗೆ ತಗ್ಗು ತೋಡಿ ಕೂರಿಸುವುದು. ಬಿದ್ರಿಯ ಮುಖ ಮರದ ಮಟ್ಟಕ್ಕಿಂತ ಅರ್ಧ ಮಿಮೀ ಕೆಳಗಿರಲಿ, ದುಂಡು ಮಾಡುವುದನ್ನು ಮರದ ಅಂಚಿಗೆ ಮಾಡಿ. ಹೊಸ ಕಾರಿನಲ್ಲಿ ಮಾಡಿಸುವವರು ಸ್ಟೇರಿಂಗ್ ನಡು, ಪಕ್ಕದ ಸೀಟಿನೆದುರಿನ ಏರ್‌ಬ್ಯಾಗ್ ಮುಚ್ಚಳ, ಮುಂದಿನ ಗಾಜಿನ ಪಕ್ಕದ ಕಂಬ, ಸೀಟಿನ ಪಕ್ಕ, ಇಷ್ಟನ್ನು ಮುಟ್ಟಲೇಕೂಡದು. ಏರ್‌ಬ್ಯಾಗ್ ಸಿಡಿದಾಗ ಆ ಲೋಹ ಕಲ್ಲೇಟಿನಂತೆ ಮುಖಕ್ಕೆ ಬರುತ್ತದೆ.

ಎಷ್ಟು ಹಾಕಬೇಕು ಎಂಬುದಕ್ಕೆ ಬೀದರ್ ಕೋಟೆಯ ರಂಗೀನ್ ಮಹಲಿಗಿಂತ ಒಳ್ಳೆಯ ಪಾಠವಿಲ್ಲ. ಅಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ನೋಡಿ: ಕಪ್ಪು ಜಾಸ್ತಿ, ಹೊಳಪು ಕಡಿಮೆ. ಕಾರಿನಲ್ಲೂ ಅದೇ ಅನುಪಾತ ಸಾಕು. ಇಡೀ ಡ್ಯಾಶ್‌ಬೋರ್ಡಿಗೆ ಬಿದ್ರಿ ಹೊದಿಸಿದರೆ ಮದುವೆ ಮಂಟಪದ ಹಾಗಾಗುತ್ತದೆ. ಒಂದು ಬಳ್ಳಿಯನ್ನೋ ಒಂದು ಬೂಟಿಯನ್ನೋ ಹಿಡಿದು ಅದನ್ನೇ ಎಲ್ಲ ತುಂಡಿಗೂ ಹರಿಸಿ.

ಅಳತೆ

ಇಲ್ಲಿ ಅವಸರ ಬೇಡ. ಸತು ಬಿಸಿಗೆ ಹಿಗ್ಗುವುದು ಕಬ್ಬಿಣದ ಎರಡೂವರೆ ಪಟ್ಟು, ಸಾಗುವಾನಿ ಮರ ಎಳೆಯ ಉದ್ದಕ್ಕೆ ಹಿಗ್ಗುವುದರ ಐದಾರು ಪಟ್ಟು. ಡಿಸೆಂಬರ್ ನಸುಕಿನ 10 ಡಿಗ್ರಿಯಿಂದ ಮೇ ಮಧ್ಯಾಹ್ನ ಗಾಜಿನ ಕೆಳಗಿನ 80 ಡಿಗ್ರಿವರೆಗೆ ಹಿಡಿದರೆ 70 ಡಿಗ್ರಿ ಅಂತರ. 400 ಮಿಮೀ ಉದ್ದದ ಒಂದೇ ಪಟ್ಟಿ ಮಾಡಿಸಿದರೆ ಅದು ಸುಮಾರು 0.84 ಮಿಮೀ ಬೆಳೆಯುತ್ತದೆ, ಅದನ್ನು ಹಿಡಿದ ಮರ 0.14 ಮಿಮೀ ಅಷ್ಟೆ. ಬಿಗಿಯಾಗಿ ಕೂರಿಸಿದ್ದರೆ ಒಂದೋ ಪಟ್ಟಿ ನಡುವೆ ಉಬ್ಬುತ್ತದೆ, ಇಲ್ಲವೇ ಮರದ ಮೂಲೆ ಸೀಳುತ್ತದೆ. ಎರಕದ ಸತು ಬಾಗುವ ಲೋಹವೂ ಅಲ್ಲ, ಉದ್ದನೆಯ ತೆಳು ಪಟ್ಟಿ ಕೈಯಿಂದ ಬಿದ್ದರೆ ತುಂಡಾಗುತ್ತದೆ.

ಅದಕ್ಕೇ ಪಟ್ಟಿಯನ್ನು ಒಡೆಯಿರಿ. ಒಂದೊಂದು ತುಂಡು 120 ಮಿಮೀ ದಾಟದಿರಲಿ, ಆಗ ಹಿಗ್ಗುವುದು ಕಾಲು ಮಿಮೀ ಮಾತ್ರ. ಸುತ್ತ ಅರ್ಧ ಮಿಮೀ ಸಂದು, ತುಂಡು ತುಂಡಿನ ನಡುವೆ ಒಂದು ಮಿಮೀ ಸಂದು ಬಿಟ್ಟರೆ ಸಾಕು. ಬಳ್ಳಿಯ ಚಿತ್ರ ಸಂದಿನ ಮೇಲೆ ಹಾದುಹೋಗುವಂತೆ ಬಿಡಿಸಿದರೆ ಕಣ್ಣಿಗೆ ಒಂದೇ ಪಟ್ಟಿಯಾಗಿ ಕಾಣುತ್ತದೆ.

ಅಂಬಾಸಿಡರಿಗೆ ಹೊಂದುವ ಒಂದು ಲೆಕ್ಕ: ಡ್ಯಾಶ್‌ಬೋರ್ಡಿಗೆ 120 × 40 ಮಿಮೀ ಅಳತೆಯ ಮೂರು, ಗ್ಲೋವ್ ಬಾಕ್ಸಿಗೆ 100 × 70ರ ಒಂದು, ಬಾಗಿಲುಗಳಿಗೆ 100 × 30ರ ನಾಲ್ಕು. ದಪ್ಪ ಎಲ್ಲಕ್ಕೂ 3 ಮಿಮೀ. ಎಂಟೂ ಸೇರಿ ಮುಕ್ಕಾಲು ಕಿಲೊ ಆಸುಪಾಸು ತೂಗುತ್ತವೆ, ಹಿಂಭಾಗದ ಉಬ್ಬುಗಳು ಸೇರಿದರೂ ಒಂದು ಕಿಲೊ ದಾಟುವುದಿಲ್ಲ. ಮಾದರಿಯಿಂದ ಮಾದರಿಗೆ ಡ್ಯಾಶ್‌ಬೋರ್ಡ್ ಬೇರೆ ಬೇರೆ, ನಿಮ್ಮದನ್ನು ಅಳೆದೇ ನಿರ್ಧರಿಸಿ.

ಮೊದಲು ರಟ್ಟಿನಲ್ಲಿ ಕತ್ತರಿಸಿ ಟೇಪಿನಿಂದ ಅಂಟಿಸಿ. ಒಂದು ವಾರ ಹಾಗೇ ಓಡಿಸಿ, ಮೊಣಕಾಲು ತಾಗುತ್ತದೆಯೇ, ಗೇರ್ ಹಾಕುವಾಗ ಕೈ ಅಡ್ಡ ಬರುತ್ತದೆಯೇ ನೋಡಿ. ಸರಿಯೆನಿಸಿದ ಮೇಲೆ 1 ಮಿಮೀ ಅಲ್ಯೂಮಿನಿಯಂ ಶೀಟಿನಲ್ಲಿ ಅದೇ ಆಕಾರ ಮಾಡಿಸಿ, ಪ್ರತಿಯೊಂದಕ್ಕೂ ನಂಬರು ಕೆತ್ತಿ, ಮೇಲೆ-ಕೆಳಗೆ ಗುರುತು ಹಾಕಿ, ಎರಡೆರಡು ಪ್ರತಿ ಇಡಿ. ಒಂದು ಪ್ರತಿ ಬಿದ್ರಿ ಕೆಲಸದವರಿಗೆ, ಇನ್ನೊಂದು ಬಡಗಿಗೆ. ಕಾಗದದ ಮೇಲಿನ ಅಳತೆ ಕೊಟ್ಟರೆ ಇಬ್ಬರೂ ತಮ್ಮ ತಮ್ಮ ಅಳತೆಪಟ್ಟಿಯಿಂದ ಅಳೆದು ಎರಡು ಬೇರೆ ಉತ್ತರ ತರುತ್ತಾರೆ.

ಬಿದ್ರಿ ಕೆಲಸದವರ ಹತ್ತಿರ

ಬೀದರಿನ ಹಳೆಯ ಊರಿನಲ್ಲಿ ಚೌಬಾರಾ ಗೋಪುರದ ಸುತ್ತಿನ ಗಲ್ಲಿಗಳಲ್ಲಿ ಕೇಳಿದರೆ ಕಾರ್ಖಾನೆ ತೋರಿಸುತ್ತಾರೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂದಿದೆ, ಆದರೂ ಕಪ್ಪು ಪೇಂಟ್ ಬಳಿದ ಅಲ್ಯೂಮಿನಿಯಂ ತಗಡನ್ನು ಅದೇ ಹೆಸರಲ್ಲಿ ಮಾರುವವರಿದ್ದಾರೆ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ: ಅಷ್ಟೇ ಗಾತ್ರದ ಬಿದ್ರಿ ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟು ಭಾರ. ಅನುಮಾನವಿದ್ದರೆ ಥಿನ್ನರ್ ಅದ್ದಿದ ಹತ್ತಿಯಿಂದ ಮೂಲೆಯೊಂದನ್ನು ಒರೆಸಿ, ಪೇಂಟ್ ಆದರೆ ಹತ್ತಿ ಕಪ್ಪಾಗುತ್ತದೆ.

ಆರ್ಡರ್ ಕೊಡಬೇಕಾದರೆ ಕೆಲಸ ಹೇಗೆ ನಡೆಯುತ್ತದೆಂದು ತಿಳಿದಿರಬೇಕು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸುತ್ತಾರೆ, ಅಂದರೆ ಒಂದು ಕಿಲೊದಲ್ಲಿ ತಾಮ್ರ 60 ಗ್ರಾಂ ಆಸುಪಾಸು. ಔಡಲ ಎಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಅರೆದು ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚೂಪು ಸಲಾಕೆಯಿಂದ ಚಿತ್ರ ಬಿಡಿಸಿ, ಸಣ್ಣ ಉಳಿಗಳಿಂದ ಕೆತ್ತುತ್ತಾರೆ. ಕೆತ್ತಿದ ಗೀರಿನಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿ, ಮತ್ತೆ ಅರೆದು ಸಮ ಮಾಡುತ್ತಾರೆ. ಕೊನೆಯಲ್ಲಿ ತುಂಡನ್ನು ಹದವಾಗಿ ಕಾಯಿಸಿ, ಕೋಟೆಯ ಹಳೆಯ ಕಟ್ಟಡಗಳೊಳಗಿನ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ ರಾಡಿಯಿಂದ ಉಜ್ಜುತ್ತಾರೆ. ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಬಿಳುಪಾಗೇ ಉಳಿಯುತ್ತದೆ.

ಹೂದಾನಿಯೋ ಹುಕ್ಕಾವೋ ಮಾಡುವ ಕೈಗೆ ಕಾರಿನ ತುಂಡು ಹೊಸದು. ಅದಕ್ಕಾಗಿ ಮೂರು ವಿಷಯ ಬರೆದೇ ಕೊಡಬೇಕು.

ಮೊದಲನೆಯದು ಹಿಂಭಾಗದ ಉಬ್ಬು. ಸ್ಕ್ರೂ ಕೂರಲು ತುಂಡಿನ ಬೆನ್ನಿಗೆ 10 ಮಿಮೀ ಅಗಲ, 6 ಮಿಮೀ ಎತ್ತರದ ದುಂಡು ಉಬ್ಬುಗಳು ಎರಕದಲ್ಲೇ ಬರಬೇಕು. 120ರ ತುಂಡಿಗೆ ಮೂರು, ಚಿಕ್ಕವಕ್ಕೆ ಎರಡು. ಉಬ್ಬಿದ್ದ ಕಡೆ ಲೋಹ ನಿಧಾನ ಆರುವುದರಿಂದ ಮುಖದ ಕಡೆ ಸಣ್ಣ ತಗ್ಗು ಬೀಳುತ್ತದೆ, ಆದ್ದರಿಂದ ಮುಖಕ್ಕೆ ಅರ್ಧ ಮಿಮೀ ಹೆಚ್ಚು ಲೋಹ ಇಟ್ಟು ಅರೆಯಲು ಹೇಳಿ. ಬೆಳ್ಳಿ ಬಡಿಯುವಾಗ ಬೆನ್ನು ಪೂರ್ತಿ ಅರಗಿನ ಆಸರೆಯಲ್ಲಿ ಮುಳುಗಿರಲಿ. ಉಬ್ಬುಗಳ ಮೇಲಷ್ಟೇ ತುಂಡು ನಿಂತಿದ್ದರೆ ನಡುವೆ ಬಿರುಕು ಬಿಡುತ್ತದೆ.

ಎರಡನೆಯದು ಬಾಗು. ಡ್ಯಾಶ್‌ಬೋರ್ಡ್ ಬಾಗಿದ್ದರೆ ಅದೇ ಬಾಗಿನ ಮರದ ಮಾದರಿ ಕೊಟ್ಟು ಎರಕವೇ ಬಾಗಿ ಬರುವಂತೆ ಮಾಡಿಸಿ. ಆಮೇಲೆ ವೈಸಿಗೆ ಹಾಕಿ ಬಗ್ಗಿಸಿದರೆ ಖಂಡಿತ ಒಡೆಯುತ್ತದೆ. ಎರಕ ಆರುವಾಗ ಕುಗ್ಗುವುದರಿಂದ ಮಾದರಿ ಎಲ್ಲ ಕಡೆ 2-3 ಮಿಮೀ ದೊಡ್ಡದಿರಲಿ, ಅಲ್ಯೂಮಿನಿಯಂ ಪ್ರತಿಗೆ ಹಿಡಿದು ಅರೆದು ಅಳತೆಗೆ ತರಲಿ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ಬೆಳ್ಳಿ ಕೂರಿಸಿ ಸಮ ಮಾಡಿದ ಮೇಲೆ, ಕಪ್ಪು ಮಾಡುವ ಮುಂಚೆ, ತುಂಡುಗಳು ಬೂದು ಬಣ್ಣದಲ್ಲೇ ನಿಮ್ಮ ಕೈಗೆ ಬರಬೇಕು. ಉಬ್ಬಿಗೆ 3.3 ಮಿಮೀ ಡ್ರಿಲ್ಲಿನಿಂದ 7 ಮಿಮೀ ಆಳ ಕೊರೆದು ಎಂ4 ಟ್ಯಾಪ್ ಹೊಡೆಯುವುದು (4 ಮಿಮೀ ಸ್ಕ್ರೂಗೆ ಥ್ರೆಡ್ ಕೊರೆಯುವುದು), ಮರದ ತಗ್ಗಿನಲ್ಲಿ ಕೂರಿಸಿ ನೋಡುವುದು, ಅಂಚು ಕೊನೆಯ ಬಾರಿ ಅರೆಯುವುದು, ಎಲ್ಲ ಆಗಲೇ. ಒಟ್ಟು ದಪ್ಪ 9 ಮಿಮೀ, 7ಕ್ಕೆ ನಿಲ್ಲಿಸದಿದ್ದರೆ ಡ್ರಿಲ್ ಮುಖ ತೂರಿ ಬರುತ್ತದೆ, ಡ್ರಿಲ್ಲಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಎಲ್ಲ ಸರಿಹೋದ ಮೇಲೆ ವಾಪಸ್ ಕೊಟ್ಟು ಕಪ್ಪು ಮಾಡಿಸಿ. ಕೆಲಸದವರು ಇದಕ್ಕೆ ಗೊಣಗಬಹುದು, ಎರಡು ಸಲ ಓಡಾಟ ನಿಮಗೂ ಬೇಸರ. ಆದರೂ ಈ ಒಂದು ಸುತ್ತು ತಪ್ಪಿಸಬೇಡಿ.

ಬೆಳ್ಳಿಯ ಲೆಕ್ಕ ಗ್ರಾಂನಲ್ಲಿ, ಕೂಲಿಯ ಲೆಕ್ಕ ಬೇರೆ ಮಾತಾಡಿ. ಅಗಲ ತಗಡಿನ ಹೂವಿಗಿಂತ ತಂತಿಯ ಬಳ್ಳಿ ಕಾರಿಗೆ ಒಳ್ಳೆಯದು, ಅಗಲ ಬೆಳ್ಳಿಯ ಮೇಲೆ ಧೂಳು ಒರೆಸಿದ ಗೀರು ಎದ್ದು ಕಾಣುತ್ತದೆ. ತುಂಡು ಕೈಗೆ ಬಂದಾಗ ಹತ್ತಿಯ ಎಸಳೊಂದನ್ನು ಬೆಳ್ಳಿಯ ಮೇಲೆ ಎಲ್ಲ ದಿಕ್ಕಿಗೂ ಹಗುರಾಗಿ ಎಳೆಯಿರಿ. ತಂತಿಯ ತುದಿ ಎದ್ದಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಅಂಥದ್ದನ್ನು ಅಲ್ಲೇ ಮತ್ತೆ ಬಡಿಸಿ, ಇಲ್ಲದಿದ್ದರೆ ರಸ್ತೆಯ ನಡುಕಕ್ಕೆ ಅದು ದಿನದಿನಕ್ಕೆ ಮೇಲೇಳುತ್ತದೆ.

ಈ ನಡುವೆ ಗ್ಯಾರೇಜಿನಲ್ಲಿ

ಟಿಂಕರಿಂಗ್, ಬೆಸುಗೆ, ಪೇಂಟ್ ಮುಗಿಯದೆ ಒಳಗಿನ ಕೆಲಸ ಶುರುಮಾಡಬಾರದು. ಪೇಂಟನ್ನು ಮಳೆಗಾಲದಲ್ಲಿ ಹೊಡೆಸಬೇಡಿ, ಗಾಳಿಯ ತೇವಕ್ಕೆ ಹೊಳಪು ಮಂಕಾಗುತ್ತದೆ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯೊಳಗೆ ಮುಗಿಸಿಕೊಳ್ಳಿ. ಚಾವಣಿಗೆ ಬಿಳಿ ಅಥವಾ ಕೆನೆ ಬಣ್ಣ ಇದ್ದರೆ ಒಳಗೆ ಗಣನೀಯ ತಂಪು. ಎರಡು ಬಣ್ಣ ಮಾಡಿಸಿದರೆ ಆರ್‌ಸಿಯಲ್ಲಿ ಬರೆಸಿಕೊಳ್ಳಿ.

ಸದ್ದು, ಬಿಸಿಲು ತಡೆಯಲು 2 ಮಿಮೀ ಬ್ಯುಟೈಲ್ ರಬ್ಬರ್ ಶೀಟು ಹಾಕುತ್ತಾರೆ. ಮೂಲೆಮೂಲೆಗೂ ತುಂಬಿದರೆ ಗಾಡಿಗೆ 25 ಕಿಲೊ ಭಾರ ಏರುತ್ತದೆ, ಅಷ್ಟು ಬೇಕಾಗಿಲ್ಲ. ಪ್ರತಿ ತಗಡಿನ ನಡುಭಾಗದ ಮೂರನೇ ಒಂದು ಪಾಲು ಮುಚ್ಚಿದರೆ ಗಡಗಡ ನಿಲ್ಲುತ್ತದೆ. ಅದರ ಮೇಲೆ ಚಾವಣಿಗೆ 10 ಮಿಮೀ, ಬಾಗಿಲಿಗೆ 6 ಮಿಮೀ ನೀರು ಹೀರದ ಫೋಮ್. ಅಗ್ಗಕ್ಕೆಂದು ಮಾಳಿಗೆ ಸೋರದಂತೆ ಹಾಸುವ ಡಾಂಬರು ಶೀಟು ಅಂಟಿಸುವ ಗ್ಯಾರೇಜುಗಳಿವೆ. ಏಪ್ರಿಲ್ ಬಂದ ಕೂಡಲೇ ಅದು ಮೆತ್ತಗಾಗಿ ಜಾರುತ್ತದೆ, ವಾಸನೆ ಚರ್ಮಕ್ಕೆ ಹತ್ತಿದರೆ ಬಿಡುವುದಿಲ್ಲ. ಬಾಗಿಲ ತಳದ ನೀರು ಹೋಗುವ ತೂತುಗಳನ್ನು ಯಾವ ಶೀಟೂ ಮುಚ್ಚಬಾರದು.

ವೈರಿಂಗ್ ಪೂರ್ತಿ ಹೊಸದು ಹಾಕಿಸಿ. ಹಳೆಯ ಗಾಡಿಯಲ್ಲಿ ಬ್ಯಾಟರಿಯ ಯಾವ ಕೊನೆ ಬಾಡಿಗೆ ಸೇರಿದೆ ಎಂದು ಮೊದಲು ನೋಡಿ, ಪಾಸಿಟಿವ್ ಸೇರಿದ್ದರೆ ಹೊಸ ಸ್ಟೀರಿಯೊ ಕಟ್ಟಿದ ಕ್ಷಣಕ್ಕೆ ಸುಟ್ಟುಹೋಗುತ್ತದೆ. ಡೈನಮೊ ಇದ್ದರೆ ಸುಮಾರು 22 ಆಂಪಿಯರ್ ಕೊಡುತ್ತದೆ, ಎರಡು ಹೆಡ್‌ಲೈಟಿಗೇ 9 ಆಂಪಿಯರ್ ಹೋಗುತ್ತದೆ. ಎಸಿ ಬ್ಲೋವರ್, ಕಂಡೆನ್ಸರ್ ಫ್ಯಾನ್ ಸೇರಿದರೆ ಸಾಲದು, 55 ಆಂಪಿಯರ್‌ಗೆ ಕಡಿಮೆಯಿಲ್ಲದ ಆಲ್ಟರ್ನೇಟರ್ ಹಾಕಿಸಿ. 10 ಆಂಪಿಯರ್ ಸಾಲಿಗೆ 1.5, 20 ಆಂಪಿಯರ್ ಸಾಲಿಗೆ 2.5 ಚದರ ಮಿಮೀ ತಂತಿ, ಪ್ರತಿ ಸಾಲಿಗೂ ಪ್ರತ್ಯೇಕ ಫ್ಯೂಸ್.

ಸೀಟಿಗೆ ಕೂರುವ ಭಾಗಕ್ಕೆ 40, ಬೆನ್ನಿಗೆ 32 ಸಾಂದ್ರತೆಯ ಫೋಮ್. ಹೊಲಿಗೆಗೆ ಹತ್ತಿ ದಾರ ಬೇಡ, ಬಿಸಿಲಿಗೆ ಎರಡು ವರ್ಷದಲ್ಲಿ ಹಿಸಿಯುತ್ತದೆ, ದಪ್ಪ ಪಾಲಿಯೆಸ್ಟರ್ ದಾರ ಹಾಕಿಸಿ. ಸೀಟ್‌ಬೆಲ್ಟ್ ಇಲ್ಲದ ಗಾಡಿಗೆ ಹೊಸದಾಗಿ ಹಾಕಿಸುವಾಗ ಬೋಲ್ಟನ್ನು ಬರೀ ತಗಡಿಗೆ ಬಿಗಿಯಬೇಡಿ, ಹಿಂದೆ 3 ಮಿಮೀ ಉಕ್ಕಿನ ಪಟ್ಟಿ ಬೆಸೆದು 7/16 ಇಂಚಿನ ಬೆಲ್ಟ್ ಬೋಲ್ಟನ್ನೇ ಬಳಸಿ.

ಮರ, ಅಂಟು, ವಾಷರ್

ಬಿದ್ರಿಯನ್ನು ಕೆಡಿಸುವ ಶತ್ರುಗಳು ಹೊರಗಿಲ್ಲ, ಅದರ ಬೆನ್ನ ಹಿಂದೆಯೇ ಇರುತ್ತವೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮತ್ತು ಅಗ್ಗದ ಪ್ಲೈವುಡ್ ಬಿಸಿಯಾದಾಗ ಆಮ್ಲದ ಆವಿ ಬಿಡುತ್ತವೆ, ಮುಚ್ಚಿದ ಕಾರಿನಲ್ಲಿ ಅದು ಸತುವಿನ ಮೇಲೆ ಬಿಳಿ ಪುಡಿ ಎಬ್ಬಿಸುತ್ತದೆ. ಒಳ್ಳೆಯ ಮರೀನ್ ಪ್ಲೈ ಮೇಲೆ 0.6 ಮಿಮೀ ಸಾಗುವಾನಿ ವೆನೀರ್ ಅಂಟಿಸಿ, ಕಾಣುವ ಮೈಗೆ ಮಾತ್ರವಲ್ಲ, ಬಿದ್ರಿ ಕೂರುವ ತಗ್ಗಿನ ಒಳಮೈಗೂ ಎರಡು ಕೈ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಿ, ಪೂರ್ತಿ ಒಣಗಲು ಎರಡು ವಾರ ಬಿಡಿ.

ಸಿಲಿಕೋನ್ ಅಂಟಿನಲ್ಲಿ ಎರಡು ಬಗೆ. ಟ್ಯೂಬ್ ತೆರೆದಾಗ ವಿನಿಗರ್ ವಾಸನೆ ಬಂದರೆ ಅದು ಅಸಿಟಿಕ್, ಸತುವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನೇ ತನ್ನಿ. ಕ್ಷಣದಲ್ಲಿ ಕಚ್ಚುವ ಫೆವಿಕ್ವಿಕ್ ಬಗೆಯ ಅಂಟು ಬೇಡವೇ ಬೇಡ, ಅದರ ಹೊಗೆ ಕಪ್ಪಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ.

ನಮ್ಮ ಮಿಸ್ತ್ರಿಗಳಿಗೆ ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡುವುದು ಕೈಗೆ ಬಂದ ಚಟ. ಆ ರಬ್ಬರಿನಲ್ಲಿ ಗಂಧಕವಿದೆ. ಕಾದಾಗ ಹೊರಬಂದು ಬೆಳ್ಳಿಯನ್ನು ಮೊದಲು ಹಳದಿ, ಆಮೇಲೆ ಕಪ್ಪು ಮಾಡುತ್ತದೆ. ಬಿದ್ರಿಯಲ್ಲಿ ಬೆಳ್ಳಿಯೂ ಕಪ್ಪಾದರೆ ಕುಸುರಿಯೇ ಕಾಣಿಸದು. ಉಣ್ಣೆಯ ಫೆಲ್ಟ್ ಕೂಡ ಇದೇ ಕೆಲಸ ಮಾಡುತ್ತದೆ. ವಾಷರ್ ನೈಲಾನಿನದಿರಲಿ, ಗ್ಯಾಸ್ಕೆಟ್ ಬೇಕಾದರೆ ಸಿಲಿಕೋನ್ ಶೀಟಿನದು.

ಹಿತ್ತಾಳೆ ಸ್ಕ್ರೂ ನೋಡಲು ಚೆಂದ, ಆದರೆ ಹಿತ್ತಾಳೆಗೆ ತಾಗಿದ ಸತು ತೇವದಲ್ಲಿ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಎಂ4 ಸ್ಕ್ರೂಗೆ ತುಸು ಥ್ರೆಡ್‌ಲಾಕ್ ಸವರಿ ಬಳಸಿ.

ಕೂರಿಸುವುದು

ಮರದ ತಗ್ಗಿನ ಹಿಂದೆ 2 ಮಿಮೀ ಅಲ್ಯೂಮಿನಿಯಂ ಪಟ್ಟಿ ಇಡಿ. ಅದರಲ್ಲಿ ಪ್ರತಿ ತುಂಡಿಗೆ ಒಂದು ತೂತು ಮಾತ್ರ 4.5 ಮಿಮೀ ದುಂಡಗಿರಲಿ, ಉಳಿದವು ಉದ್ದದ ದಿಕ್ಕಿಗೆ 4.5 × 7 ಮಿಮೀ ಸೀಳು. ದುಂಡು ತೂತು ತುಂಡನ್ನು ಜಾಗದಲ್ಲಿ ಹಿಡಿಯುತ್ತದೆ, ಸೀಳುಗಳು ಹಿಗ್ಗಲು ಬಿಡುತ್ತವೆ. ಎಲ್ಲವೂ ದುಂಡಗಿದ್ದರೆ ಇಷ್ಟು ಹೊತ್ತು ಬಿಟ್ಟ ಸಂದೆಲ್ಲ ವ್ಯರ್ಥ.

ಸ್ಕ್ರೂವನ್ನು ಹಿಂದಿನಿಂದ ಹಾಕಿ, ನೈಲಾನ್ ವಾಷರ್ ತಾಗಿದ ಮೇಲೆ ಕಾಲು ಸುತ್ತು ಸಾಕು. ಹೆಚ್ಚು ಬಿಗಿದರೆ ಹಿಗ್ಗುವಾಗ ತುಂಡು ಜಾರುವುದಿಲ್ಲ, ಎರಕದ ಸತುವಿನಲ್ಲಿ ಕೊರೆದ ಥ್ರೆಡ್ಡೂ ಕಿತ್ತುಬರುತ್ತದೆ. ಸಡಿಲಬಿಟ್ಟ ಸ್ಕ್ರೂ ನಡುಕಕ್ಕೆ ಬಿಚ್ಚದಿರಲು ನೀಲಿ ಥ್ರೆಡ್‌ಲಾಕ್ ಒಂದು ಹನಿ. ಟಕಟಕ ಸದ್ದು ತಪ್ಪಿಸಲು ತುಂಡಿನ ಬೆನ್ನಿನ ನಡುವೆ ನ್ಯೂಟ್ರಲ್ ಸಿಲಿಕೋನಿನ ಕಡಲೆಕಾಳಿನಷ್ಟು ಎರಡು ಬೊಟ್ಟು ಇಡಿ, ಅಂಚಿಗೆ ಬೇಡ. ಕೂರಿಸುವಾಗ ಹತ್ತಿಯ ಗ್ಲೌಸ್ ಹಾಕಿಕೊಳ್ಳಿ, ಹೆಬ್ಬೆರಳಿನ ಗುರುತು ಹೊಸ ಕಪ್ಪಿನ ಮೇಲೆ ಬೇಗ ಕಚ್ಚುತ್ತದೆ.

ಬಿಸಿಲ ಪರೀಕ್ಷೆ

ಬೇಸಿಗೆಯಲ್ಲಿ ಒಂದು ದಿನ ಮಧ್ಯಾಹ್ನ 12ರಿಂದ 4ರವರೆಗೆ ಗಾಜು ಏರಿಸಿ, ಮುಂಭಾಗ ಬಿಸಿಲಿಗೆ ತಿರುಗಿಸಿ ನಿಲ್ಲಿಸಿ. ನಾಲ್ಕಕ್ಕೆ ಬಾಗಿಲು ತೆಗೆದ ಕೂಡಲೇ ಫೀಲರ್ ಗೇಜಿನಿಂದ ಸಂದು ಅಳೆಯಿರಿ. 0.15 ಮಿಮೀ ಎಲೆ ಸಲೀಸಾಗಿ ಹೋದರೆ ಸರಿ. ಹೋಗದ ಕಡೆ ತುಂಡು ಬಿಚ್ಚಿ ಮರವನ್ನೇ ಅರೆಯಿರಿ, ಬಿದ್ರಿಯನ್ನಲ್ಲ. ಆಮೇಲೆ ಎಸಿ ಜೋರಾಗಿ ಹಾಕಿ ಕಿವಿಗೊಡಿ. ಟಿಕ್ ಎಂದು ಸದ್ದು ಬಂದರೆ ಯಾವುದೋ ಸ್ಕ್ರೂ ಬಿಗಿಯಿದೆ, ತುಂಡು ಕುಗ್ಗುವಾಗ ಜಿಗಿಯುತ್ತಿದೆ. ಎಸಿ ಗಾಳಿ ನೇರ ಬಿದ್ರಿಗೆ ಬಡಿಯುವಂತಿದ್ದರೆ ರೆಕ್ಕೆ ತಿರುಗಿಸಿ, ಮಳೆಗಾಲದಲ್ಲಿ ತಣ್ಣನೆ ಲೋಹದ ಮೇಲೆ ಹನಿ ಕಟ್ಟುತ್ತದೆ.

ಆರೈಕೆ

ವಾರಕ್ಕೊಮ್ಮೆ ಒಣ ಮೆದು ಬಟ್ಟೆ, ಅಷ್ಟೆ. ಕಾರು ತೊಳೆಯುವವರಿಗೆ ಬಿದ್ರಿ ತೋರಿಸಿ, ಇದನ್ನು ಮುಟ್ಟಬೇಡಿ ಎಂದು ಬಾಯಿಬಿಟ್ಟು ಹೇಳಬೇಕು. ಬ್ರಾಸೋ ಥರದ ಪಾಲಿಶ್ ಒಂದೇ ಒರೆತಕ್ಕೆ ಕಪ್ಪನ್ನು ತೆಗೆಯುತ್ತದೆ, ಗಾಜು ಒರೆಸುವ ಅಮೋನಿಯಾ ದ್ರವ, ಡ್ಯಾಶ್‌ಬೋರ್ಡಿಗೆ ಹೊಡೆಯುವ ಸ್ಪ್ರೇ ಕಲೆ ಮಾಡುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಬಟ್ಟೆಯ ತುದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಪೂರ್ತಿ ತೆಗೆಯಿರಿ. ಎಣ್ಣೆ ಉಳಿದರೆ ನಮ್ಮ ರಸ್ತೆಯ ಧೂಳೆಲ್ಲ ಅಲ್ಲೇ ಕೂರುತ್ತದೆ. ಹೊಳಪು ಉಳಿಯಲೆಂದು ಲ್ಯಾಕರ್ ಹೊಡೆಸುವ ಯೋಚನೆ ಬಿಡಿ, ಎಣ್ಣೆ ಕುಡಿದ ಮೈಗೆ ಅದು ಕಚ್ಚದೆ ಬಿಸಿಲಿಗೆ ಸಿಪ್ಪೆಯಾಗಿ ಏಳುತ್ತದೆ.

ಕಪ್ಪು ಕಡಿಮೆಯಾದ ತುಂಡನ್ನು ಕಾರಿನಲ್ಲೇ ಸರಿಮಾಡಲು ಹೋಗಬೇಡಿ. ಹಿಂದಿನ ಸ್ಕ್ರೂ ತೆಗೆದು ಆ ಒಂದನ್ನೇ ಮಾಡಿಸಿದವರ ಹತ್ತಿರ ಒಯ್ದರೆ ಕಾಯಿಸಿ ಮತ್ತೆ ಮಣ್ಣು ಉಜ್ಜಿ ಕೊಡುತ್ತಾರೆ. ಅದಕ್ಕೆ ತುಂಡಿನ ಬೆನ್ನಿಗೆ ನಂಬರು ಕೆತ್ತಿಸಿರಿ, ಅಲ್ಯೂಮಿನಿಯಂ ಪ್ರತಿಗಳನ್ನು ಡಿಕ್ಕಿಯಲ್ಲಿ ಒಂದು ಚೀಲಕ್ಕೆ ಹಾಕಿಡಿ, ಮತ್ತು ವಿಮೆ ಮಾಡಿಸುವಾಗ ಬೆಳ್ಳಿಯ ತೂಕ ಹಾಗೂ ಕೂಲಿಯ ರಸೀದಿ ತೋರಿಸಿ ಹೆಚ್ಚುವರಿ ಸಾಮಗ್ರಿಯೆಂದು ಪಾಲಿಸಿಯಲ್ಲಿ ಬರೆಸಿಕೊಳ್ಳಿ. ಬರೆಸದಿದ್ದರೆ ಗಾಡಿ ಕಳುವಾದಾಗ ಹಳೆಯ ಅಂಬಾಸಿಡರಿನ ಬೆಲೆಯಷ್ಟೇ ಕೈಗೆ ಬರುತ್ತದೆ.